ಎತ್ತರದ ಗಾಡಿಯಲ್ಲಿ ಅರವತ್ತು ಮುದ್ದೆ

೯ ನವೆಂಬರ್ ೧೯೮೬, ಭಾನುವಾರ, ಹೆಗ್ಗನಹಳ್ಳಿ

ಇನ್ಶೂರೆನ್ಸ್ ಏಜೆಂಟು ವರ್ಷದ ಮೊದಲಲ್ಲಿ ಕೊಟ್ಟುಹೋದ ಡೈರಿ ಇದು. ಇಷ್ಟು ದಿನ ಅಕ್ಕಿ ಡಬ್ಬದ ಮೇಲೆ ಸುಮ್ಮನೆ ಬಿದ್ದಿತ್ತು. ಇವತ್ತು ತೆಗೆದೆ, ಯಾಕೆಂದರೆ ನಾಳೆಯನ್ನು ನೆನೆದರೆ ಹೆದರಿಕೆ ಆಗುತ್ತಿದೆ. ಈ ಮನೆಯಲ್ಲಿ ಹೆದರಿಕೆ ಅಂತ ಬಾಯಿಬಿಟ್ಟರೆ ಅತ್ತೆಮ್ಮ ಬೇವಿನಸೊಪ್ಪು ತಂದು ನಿವಾಳಿಸುತ್ತಾರೆ, ಇವರು ನಗುತ್ತಾರೆ.

ನಾಳೆಯಿಂದ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಬೋಲ್ಟು ಕಾರ್ಖಾನೆಗೆ ನನ್ನ ಊಟ ಹೋಗಬೇಕು. ಅಲ್ಲಿ ಕೆಲಸ ಮಾಡುವವರೆಲ್ಲ ಮಾಗಡಿ, ಕುಣಿಗಲ್ ಕಡೆಯವರು. ಅನ್ನ ತಿಂದು ಮಿಷನ್ ಮುಂದೆ ನಿಂತರೆ ಮೂರು ಗಂಟೆಗೇ ಹೊಟ್ಟೆ ಚುರುಗುಟ್ಟುತ್ತೆ, ಮುದ್ದೆ ಬೇಕು ಅಂತ ಹಟ ಹಿಡಿದಿದ್ದಾರೆ. ಕ್ಯಾಂಟೀನು ನೋಡಿಕೊಳ್ಳುವ ಏಕಾಂತಯ್ಯನವರು ಹೋದ ವಾರ ಮನೆಗೇ ಬಂದು, ಒಲೆ ನೋಡಿ, ಪಾತ್ರೆ ನೋಡಿ, ನನ್ನ ಕೈ ಬೆರಳಿನ ಉಗುರು ಕೂಡ ನೋಡಿ ಒಪ್ಪಿಕೊಂಡರು. ದಿನಕ್ಕೆ ಅರವತ್ತು ಮುದ್ದೆ, ಒಂದು ಕ್ಯಾನು ಸಾರು. ಭಾನುವಾರ ಬಿಟ್ಟು ಇಪ್ಪತ್ನಾಲ್ಕು ದಿನ ಪರೀಕ್ಷೆ. ಹನ್ನೆರಡೂವರೆ ಸೈರನ್ನು ಕೂಗಿ ನಿಲ್ಲುವುದರೊಳಗೆ ಊಟ ಗೇಟಿನ ಒಳಗಿರಬೇಕು, ಮುದ್ದೆ ಬಿಸಿ ಇರಬೇಕು. ಮೂರು ಸಲ ತಡವಾದರೆ ಆರ್ಡರ್ ರದ್ದು. ಗೆದ್ದರೆ ಕಾಯಂ.

ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹದಿನಾರು ವರ್ಷವಾಯಿತು. ಅದಾದ ಮೇಲೆ ನನ್ನನ್ನು ಯಾರೂ ಯಾವ ಪರೀಕ್ಷೆಗೂ ಕೂರಿಸಿರಲಿಲ್ಲ. ಇದರಲ್ಲಿ ಪಾಸಾಗಬೇಕು. ನನ್ನದು ಅಂತ ಒಂದು ಕೆಲಸ ಬೇಕು ನನಗೆ, ಅಷ್ಟೇ.

ಸಾಗಿಸುವುದು ಹೇಗೆ ಅಂತ ಕೇಳಿದ್ದಕ್ಕೆ ಇವರು, "ನನ್ನ ಗಾಡಿ ಇದೆಯಲ್ಲ ಗಂಗೂ" ಅಂದರು. ಇವರ ಗಾಡಿ ಅಂದರೆ ಅಂಗಳದಲ್ಲಿ ನಿಂತಿರುವ ಒಂಟೆ. ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಊರವರ ಗಾಡಿಯನ್ನೆಲ್ಲ ನೆಟ್ಟಗೆ ಮಾಡುವ ಮನುಷ್ಯ ತನ್ನ ಹಳೇ ಯೆಜ್ಡಿಯನ್ನು ಮಾತ್ರ ಕೆಡಿಸಿಟ್ಟಿದ್ದಾರೆ. ಅಮೆರಿಕದಲ್ಲಿ ಅರ್ಧ ಮಣ್ಣು, ಅರ್ಧ ಡಾಂಬರಿನ ಮೇಲೆ ರೇಸು ಓಡಿಸುತ್ತಾರಂತೆ. ಫುಟ್‌ಪಾತಿನಲ್ಲಿ ಕೊಂಡ ಪುಸ್ತಕದಲ್ಲಿ ಅದರ ಫೋಟೋ ನೋಡಿದ್ದೇ ನೋಡಿದ್ದು, ಮುಂದಿನ ಫೋರ್ಕು ಉದ್ದ ಮಾಡಿದರು, ಹಿಂದಕ್ಕೆ ಉದ್ದುದ್ದ ಸ್ಪ್ರಿಂಗು ಹಾಕಿದರು, ಸೈಲೆನ್ಸರನ್ನು ಪಕ್ಕೆಗೆ ಎತ್ತಿ ಕಟ್ಟಿದರು, ಚಕ್ರ ಮಾತ್ರ ರೋಡಿನದು. ಸೀಟು ನನ್ನ ಎದೆಯ ಮಟ್ಟಕ್ಕಿದೆ. ಹಿಂದೆ ಒಬ್ಬರು ಕೂರುವ ಹಾಗಿಲ್ಲ, ಕೈಚೀಲ ನೇತುಹಾಕಲು ಒಂದು ಕೊಕ್ಕೆ ಇಲ್ಲ. ಹೆಂಡತಿಯನ್ನು ಕೂರಿಸಿಕೊಳ್ಳಲಾಗದ ಗಾಡಿ ಸಂಸಾರಸ್ಥರ ಗಾಡಿಯೇ? ನಾನು ಆಟೋ ಗೊತ್ತುಮಾಡಿದ್ದೇನೆ.

೧೦ ನವೆಂಬರ್, ಸೋಮವಾರ

ಮಾನ ಹೋಯಿತು.

ಮಾಗಡಿ ರಸ್ತೆಯನ್ನು ನೀರಿನ ಪೈಪಿಗೆ ಅಂತ ಅಗೆದಿದ್ದಾರೆ. ಸುಂಕದಕಟ್ಟೆಯಿಂದ ಕಾಮಾಕ್ಷಿಪಾಳ್ಯದವರೆಗೆ ಆಟೋ ಕುಣಿದ ಕುಣಿತಕ್ಕೆ ನನ್ನ ಸೊಂಟ ಇನ್ನೂ ನನ್ನದಾಗಿಲ್ಲ. ಸೈರನ್ನು ಆಗಿ ಹದಿನೈದು ನಿಮಿಷಕ್ಕೆ ತಲುಪಿದೆವು. ಪಾತ್ರೆ ಮುಚ್ಚಳ ತೆಗೆದರೆ ಅರವತ್ತು ಮುದ್ದೆಯೂ ಕೂಡಿಕೊಂಡು ಒಂದೇ ಮುದ್ದೆ ಆಗಿದೆ!

ಏಕಾಂತಯ್ಯನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದನ್ನೇನಮ್ಮಾ, ಕೊಡಲಿ ತಗೊಂಡು ಹಂಚಬೇಕಾ?"

ನಲವತ್ತು ಜನ ಗಂಡಸರು ನಕ್ಕರು. ನಾನು ನೆಲ ನೋಡಿದೆ. ಒಂದು ತಡ ಆಯಿತು. ಇನ್ನೆರಡು ಆದರೆ ಮುಗಿಯಿತು.

೧೧ ನವೆಂಬರ್, ಮಂಗಳವಾರ

ಬೆಳಗಿನ ಜಾವಕ್ಕೇ ಎದ್ದು ಇವರು ಒಂಟೆಯ ಎರಡು ಪಕ್ಕಕ್ಕೂ ಪಟ್ಟಿ ಕಬ್ಬಿಣದ ಸ್ಟ್ಯಾಂಡು ಕಟ್ಟಿದ್ದರು, ಹಾಲಿನವರ ಸೈಕಲ್ಲಿಗೆ ಇರುತ್ತಲ್ಲ, ಹಾಗೆ. ಒಂದು ಕಡೆ ಮುದ್ದೆ, ಒಂದು ಕಡೆ ಸಾರು. ಬೇಡ ಅಂತ ಹೇಳಲು ನನಗೆ ಬಾಯಿ ಎಲ್ಲಿತ್ತು.

ಹೋಗಿ ಬಂದು ಇವರು ಹೇಳಿದ್ದು: ಹನ್ನೆರಡು ಇಪ್ಪತ್ತಕ್ಕೆ ಗೇಟು. ಮುದ್ದೆಗಳು ಕಟ್ಟಿದ ಹಾಗೆಯೇ ಗುಂಡಗಿದ್ದವು. "ಹಳ್ಳ ಬಂದ್ರೆ ಚಕ್ರ ಇಳಿಯತ್ತೆ ಕಣೇ, ಮೇಲಿರೋದು ಅಲ್ಲಾಡಲ್ಲ. ಆ ಸ್ಪ್ರಿಂಗು ಅದಕ್ಕೇ ಇರೋದು."

ಸಾರು ಮಾತ್ರ ಅರ್ಧ ಚೆಲ್ಲಿತ್ತು. ಇವರ ಪ್ಯಾಂಟಿನ ಎಡಗಾಲು ಪೂರ್ತಿ ಅವರೆಕಾಯಿ ಸಾರು. ತುಳುಕಬಾರದು ಅಂತ ಮುಕ್ಕಾಲು ಕ್ಯಾನು ಮಾತ್ರ ತುಂಬಿಸಿದ್ದು ಇವರದೇ ಬುದ್ಧಿವಂತಿಕೆ. ಅತ್ತೆಮ್ಮ ಮಗನ ಕಾಲು ನೋಡಿ ಹಣೆ ಚಚ್ಚಿಕೊಂಡರು.

"ಬಾವಿಯಿಂದ ನೀರು ತರೋವಾಗ ಅರ್ಧ ಕೊಡ ಹೊತ್ತಿದ್ದೀಯೇನೇ ಗಂಗಾ ಯಾವತ್ತಾದ್ರೂ? ಅರ್ಧ ಕೊಡಾನೇ ಕಣೇ ಮೈಮೇಲೆ ಚೆಲ್ಲೋದು. ಕಂಠಮಟ್ಟ ತುಂಬಿಸು, ಮುಚ್ಚಳಕ್ಕೆ ರಾಗಿಹಿಟ್ಟು ಮೆತ್ತು."

ತುಂಬಿದ ಕೊಡ ತುಳುಕುವುದಿಲ್ಲ ಅಂತ ಮೂರನೇ ಕ್ಲಾಸಿನಲ್ಲಿ ನೂರು ಸಲ ಕಾಪಿ ಬರೆದಿದ್ದೇನೆ. ಕ್ಯಾನಿಗೂ ಅದೇ ಮಾತು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡು.

೧೪ ನವೆಂಬರ್, ಶುಕ್ರವಾರ

ಮೂರು ದಿನವೂ ಹೊತ್ತಿಗೆ ಸರಿಯಾಗಿ. ಸಾರು ಒಂದು ತೊಟ್ಟು ಚೆಲ್ಲಿಲ್ಲ. ಒಂಟೆ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ, ಇವರಿಗೆ ಹೇಳಲಿಲ್ಲ. ಹೇಳಿದರೆ ಇನ್ನೂ ಒಂದು ಗೇಣು ಎತ್ತರ ಮಾಡಿಯಾರು.

೧೬ ನವೆಂಬರ್, ಭಾನುವಾರ

ಇವರು ಗೆಳೆಯ ನಾಗರಾಜು ಜೊತೆ ಕೆಂಗೇರಿ ಹತ್ತಿರದ ಬೀಳು ಜಮೀನಿನಲ್ಲಿ ಗಾಡಿ ಹಾರಿಸಲು ಹೋಗಿದ್ದರು. ಗಾಡಿ ಚೆನ್ನಾಗಿ ಹಾರಿ ಚೆನ್ನಾಗಿ ಇಳಿಯಿತಂತೆ. ಇವರು ಬೇರೆ ಕಡೆ ಇಳಿದರು. ಬಲಗೈ ಮುಂಗೈ ಮೂಳೆ ಮುರಿದಿದೆ. ಆರು ವಾರ ಬ್ಯಾಂಡೇಜು.

ಮೂಳೆ ಡಾಕ್ಟರ ಮುಂದೆ ಅಳು ತಡೆದುಕೊಂಡೆ. ಮನೆಗೆ ಬಂದು ಬೈದೆ, ಆಮೇಲೆ ಊಟ ಕಲಸಿ ಬಾಯಿಗೆ ಕೊಟ್ಟೆ, ಕೊಡುತ್ತಾ ಮತ್ತೆ ಬೈದೆ.

೧೭ ನವೆಂಬರ್, ಸೋಮವಾರ

ಬಸ್ಸಿನವನು ಬಿಸಿ ಕ್ಯಾನು ಹತ್ತಿಸಲಿಲ್ಲ. ಆಟೋ ಸಿಕ್ಕಿದ್ದು ತಡ. ಎರಡನೇ ತಡ.

೧೯ ನವೆಂಬರ್, ಬುಧವಾರ

ನಿನ್ನೆಯೂ ಇವತ್ತೂ ಆಟೋವನ್ನು ಹತ್ತೂಮುಕ್ಕಾಲಿಗೇ ಹೊರಡಿಸಿದೆ. ಹೊತ್ತಿಗೆ ಮುಂಚೆ ತಲುಪಿದೆ. ಆದರೆ ಮುದ್ದೆ ಆರಿ ಮೇಲೆಲ್ಲ ಚಕ್ಕೆ ಕಟ್ಟಿತ್ತು. ತಟ್ಟೆಗಳಲ್ಲಿ ಅರ್ಧರ್ಧ ಬಿಟ್ಟು ಎದ್ದು ಹೋದರು. ಯಾರೂ ನಗಲಿಲ್ಲ ಇವತ್ತು. ನಕ್ಕಿದ್ದರೇ ಚೆನ್ನಾಗಿತ್ತು.

ಏಕಾಂತಯ್ಯನವರು ಪಕ್ಕಕ್ಕೆ ಕರೆದು, "ಗಂಗಲಕ್ಷ್ಮಮ್ಮ, ಹೊತ್ತಿಗೆ ಬಂತು ಅಂತ ಬರ್ಕೊಂಡಿದೀನಿ. ಆದ್ರೆ ಜನ ತಿನ್ನದೇ ಇದ್ರೆ ನಾನೇನು ಮಾಡ್ಲಿ ಹೇಳಿ? ಚನ್ನಕೇಶವ ತರ್ತಿದ್ದಾಗ ಚೆನ್ನಾಗಿತ್ತು. ಇನ್ಯಾರೂ ಇಲ್ವಾ ಆ ಗಾಡಿ ಓಡ್ಸೋರು?" ಅಂದರು.

ಇವರ ಹೆಸರು ನಾನು ಬರೆಯಬಾರದಿತ್ತು. ಅವರು ಅಂದದ್ದನ್ನು ಬರೆದೆ ಅಷ್ಟೇ.

೨೦ ನವೆಂಬರ್, ಗುರುವಾರ

ನಾಗರಾಜುಗೆ ಕಾರ್ಖಾನೆ ಡ್ಯೂಟಿ. ಬೇರೆಯವರಿಗೆ ಆ ಎತ್ತರ ನೋಡಿದರೇ ಬೇಡ ಅನ್ನಿಸುತ್ತೆ.

ಮಧ್ಯಾಹ್ನ ಮುದ್ದೆ ಕೋಲು ತೊಳೆಯುತ್ತಾ ಇದ್ದಾಗ ಅತ್ತೆಮ್ಮ ಇದ್ದಕ್ಕಿದ್ದ ಹಾಗೆ, "ನೀನು ಸೈಕಲ್ ಹೊಡೀತಿದ್ದೆ ಅಲ್ವೇನೇ, ಸ್ಕೂಲಿಗೆ?" ಅಂದರು.

"ಅದು ಸೈಕಲ್ಲು ಅತ್ತೆಮ್ಮ."

"ಇದಕ್ಕೂ ಎರಡೇ ಚಕ್ರ."

ಸೀರೆ ಉಟ್ಟುಕೊಂಡು ಹೇಗೆ ಅಂದೆ. ಅತ್ತೆಮ್ಮ, "ಪೈರು ನೆಡೋಕೆ ಗದ್ದೆಗೆ ಇಳಿಯೋವಾಗ ನಮ್ಮವ್ವ, ನಾನು ಎಲ್ಲಾ ಕಚ್ಚೆ ಹಾಕ್ತಿರಲಿಲ್ವಾ? ಮೊಣಕಾಲ ಮೇಲೆ ಸೀರೆ ಕಟ್ಟಿ ಕೆಸರಲ್ಲಿ ನಿಂತವರು ನಾವು. ಆಗ ಹೋಗದ ಮಾನ ಈಗ ಹೋಗತ್ತಾ?" ಅಂದರು.

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬೇಡ ಅನ್ನುತ್ತಾರೆ ಅಂತ ಕಾದೆ. "ಕ್ಲಚ್ಚು ಎಡಗೈಲಿ ಇರೋದು" ಅಂದರು. ಈ ಮನೆಯವರಿಗೆಲ್ಲ ತಲೆ ಕೆಟ್ಟಿದೆ.

೨೨ ನವೆಂಬರ್, ಶನಿವಾರ

ಎರಡು ದಿನದಿಂದ ಬೆಳಗಿನ ಜಾವ ಒಣಗಿದ ಕೆರೆ ಅಂಗಳದಲ್ಲಿ ಪಾಠ. ಇವರು ಕೈ ಕುತ್ತಿಗೆಗೆ ಕಟ್ಟಿಕೊಂಡು ಪಕ್ಕದಲ್ಲಿ ಓಡುತ್ತಾರೆ. ಅತ್ತೆಮ್ಮ ಏರಿ ಮೇಲೆ ಕೂತಿರುತ್ತಾರೆ, ನೋಡಲು ಬಂದವರನ್ನು ಬೈಯುವುದಕ್ಕೆ.

ಏಳು ಸಲ ಬಿದ್ದೆ. ಅದರಲ್ಲಿ ಐದು ಸಲ ಗಾಡಿ ನಿಂತಾಗಲೇ. ಓಡುತ್ತಿದ್ದರೆ ಅದಕ್ಕೆ ಎತ್ತರವೇ ಇಲ್ಲ. ನಿಂತರೆ ನನ್ನ ಕಾಲು ನೆಲಕ್ಕೆ ಸಿಗುವುದಿಲ್ಲ. ಕಿಕ್ಕೂ ಗೇರೂ ಒಂದೇ ಕಡ್ಡಿ, ಅದು ಒಮ್ಮೆ ತಿರುಗಿ ಹೊಡೆದು ಕಣಕಾಲು ಊದಿದೆ.

ಇವತ್ತು ಇವರು ಒಂದು ಉಪಾಯ ಹೇಳಿಕೊಟ್ಟರು. "ಎರಡೂ ಕಾಲು ಊರೋಕೆ ಹೋಗ್ಬೇಡ. ಸೀಟಿಂದ ಎಡಕ್ಕೆ ಜಾರಿ ಒಂದೇ ಕಾಲು ಊರು. ಬಲಗಾಲು ಬ್ರೇಕ್ ಮೇಲೇ ಇರಲಿ. ರೇಸಲ್ಲಿ ನಾವೂ ಹಂಗೇ." ಆಮೇಲೆ ಬೀಳಲಿಲ್ಲ.

ಆಟೋದಲ್ಲಿ ಆರಿದ ಮುದ್ದೆ ಹೋಗುತ್ತಲೇ ಇದೆ. ತಟ್ಟೆಯಲ್ಲಿ ಬಿಡುವವರು ಹೆಚ್ಚಾಗಿದ್ದಾರೆ.

೨೫ ನವೆಂಬರ್, ಮಂಗಳವಾರ

ಗಾಡಿ ಕಲಿಯುವವರ ಲೈಸೆನ್ಸು, ಎಲ್ಎಲ್ಆರ್, ಸಿಕ್ಕಿತು. ಅರ್ಜಿ ತೆಗೆದುಕೊಂಡ ಗುಮಾಸ್ತರು "ಲೂನಾನಾ ಅಮ್ಮಾ?" ಅಂದರು. "ಗೇರ್ ಇರೋದು" ಅಂದೆ. ಪೆನ್ನು ಕೆಳಗಿಟ್ಟು ನನ್ನನ್ನು ಒಂದು ಸಲ, ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಇವರನ್ನು ಒಂದು ಸಲ ನೋಡಿದರು. ಇವರನ್ನು ನಾನೇ ಬೀಳಿಸಿದೆ ಅಂದುಕೊಂಡರೋ ಏನೋ.

೨೭ ನವೆಂಬರ್, ಗುರುವಾರ

ಹೋಗಿ ಬಂದೆ!

ಜಗಲಿ ಮೇಲೆ ನಿಂತು ಕಿಕ್ ಹೊಡೆದೆ. ಜಗಲಿಯಿಂದಲೇ ಹತ್ತಿದೆ. ಅತ್ತೆಮ್ಮ ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸುತ್ತಿ, ದೇವರ ಕುಂಕುಮ ಇಟ್ಟರು. ಗಾಡಿಗೂ ಇಟ್ಟರು. ಬೀದಿ ತುದಿಯ ಮನೆಯ ಜಗದಾಂಬಾ ನೀರಿನ ಬಿಂದಿಗೆ ಹಿಡಿದು ನಿಂತಿದ್ದಳು. "ಅಯ್ಯೋ, ಗಂಡಸರ ಗಾಡಿ ಕಣೇ ಅದು!" ಅಂತ ಕೂಗಿದಳು. ತಿರುಗಿ ಉತ್ತರ ಕೊಟ್ಟರೆ ಬೀಳುತ್ತೇನೆ ಅಂತ ಸುಮ್ಮನೆ ಹೋದೆ.

ಕಾಮಾಕ್ಷಿಪಾಳ್ಯದ ಹತ್ತಿರ ಟ್ರಾಫಿಕ್ ಪೊಲೀಸಿನವನು ಕೈ ಎತ್ತಿದ. ಬ್ರೇಕ್ ಒತ್ತಲು ಹೋದೆ. ನೋಡಿದರೆ ಅವನು ನಿಲ್ಲಿಸಿದ್ದು ಮಿಕ್ಕ ಗಾಡಿಗಳನ್ನು. ನನಗೆ ದಾರಿ ಬಿಟ್ಟ, ಬಾಯಿ ತೆರೆದುಕೊಂಡೇ.

ಹನ್ನೆರಡು ಇಪ್ಪತ್ತೈದಕ್ಕೆ ಗೇಟು. ಮುದ್ದೆ ಮುರಿದರೆ ಹಬೆ ಬಂತು. ಏಕಾಂತಯ್ಯನವರು ಪುಸ್ತಕದಲ್ಲಿ ಹೊತ್ತು ಬರೆದುಕೊಂಡರು. ಕೆಲಸದವರು ಮಾತ್ರ ಒಬ್ಬೊಬ್ಬರೇ ಎದ್ದು ಕಿಟಕಿಗೆ ಬಂದು ಹೊರಗೆ ನಿಂತ ಗಾಡಿ ನೋಡಿ, ನನ್ನ ನೋಡಿ, ಮತ್ತೆ ಗಾಡಿ ನೋಡಿದರು. ನಾನು ನೆಲ ನೋಡಲಿಲ್ಲ.

೧ ಡಿಸೆಂಬರ್, ಸೋಮವಾರ

ಸೀಟು ಹಲಗೆ. ಕೂರಲಾಗುತ್ತಿಲ್ಲ, ನಿಂತು ಬರೆಯುತ್ತಿದ್ದೇನೆ. ಹಳೇ ಕಂಬಳಿ ಮಡಿಸಿ ಹೊಲಿದು ಹಾಕಬೇಕು. ಪೆಟ್ರೋಲ್ ಟ್ಯಾಂಕು ಒಂದು ಚೊಂಬಿನಷ್ಟಿದೆ, ಎರಡು ದಿನಕ್ಕೊಮ್ಮೆ ಬಂಕು. ಸದ್ದಿಗೆ ಹಾಲು ಕರೆಯುವ ಎಮ್ಮೆ ಒದೆಯುತ್ತೆ ಅಂತ ಪಕ್ಕದ ಮನೆಯವರ ದೂರು. ಸೈಲೆನ್ಸರ್ ಒಳಗೆ ಏನಾದರೂ ತುರುಕಿ ಅಂದಿದ್ದೇನೆ ಇವರಿಗೆ.

೩ ಡಿಸೆಂಬರ್, ಬುಧವಾರ

ಬ್ರೇಕ್ ಹಿಡಿದರೆ ಮೂತಿ ತಗ್ಗಿಸುತ್ತೆ. ಹಿಂದಿನದನ್ನು ಮೊದಲು, ಮುಂದಿನದನ್ನು ಆಮೇಲೆ ಮೆಲ್ಲಗೆ ಹಿಡಿದರೆ ಸಾರಿನ ಕ್ಯಾನಿಗೆ ಗೊತ್ತೇ ಆಗುವುದಿಲ್ಲ. ಇವರಿಗೆ ಹೇಳಿದೆ. "ಹೌದಾ?" ಅಂದರು. ಇಷ್ಟು ವರ್ಷ ಓಡಿಸಿ ಇದೂ ಗೊತ್ತಿಲ್ಲ!

೬ ಡಿಸೆಂಬರ್, ಶನಿವಾರ

ಮೊದಲಿಂದ ಬರೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಇವತ್ತು ಇಪ್ಪತ್ನಾಲ್ಕನೇ ದಿನ, ಕೊನೆಯದು. ಹನ್ನೆರಡಕ್ಕೆ ಸರಿಯಾಗಿ ಹೊರಟೆ. ಸುಂಕದಕಟ್ಟೆ ದಾಟಿದರೆ ರಸ್ತೆಯೇ ಇಲ್ಲ. ಬೆಳಿಗ್ಗೆಯಿಂದ ರಸ್ತೆಗೆ ಅಡ್ಡಲಾಗಿ ಆಳುದ್ದ ಅಗೆದು, ಮಣ್ಣನ್ನು ಗುಡ್ಡೆ ಹಾಕಿ ಕೂತಿದ್ದಾರೆ. ಬಸ್ಸು, ಲಾರಿ, ಆಟೋ ಸಾಲುಗಟ್ಟಿ ನಿಂತಿವೆ. ಡ್ರೈವರುಗಳು ಇಳಿದು ಬೀಡಿ ಸೇದುತ್ತಿದ್ದಾರೆ. "ಎರಡು ಗಂಟೆ ಆಗತ್ತಮ್ಮ, ಮನೆಗೋಗಿ" ಅಂದ ಒಬ್ಬ.

ಮೂರನೇ ತಡ. ಅಷ್ಟೇ, ಎಲ್ಲಾ ಹೋಯಿತು ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಬಂದದ್ದು ಸಿಟ್ಟು. ಇಪ್ಪತ್ಮೂರು ದಿನ ಬೆಳಗಿನ ಜಾವ ಎದ್ದು ಬೆಂಕಿ ಊದಿದವಳು ನಾನು, ಒಂದು ಗುಂಡಿಗೆ ಸೋಲಬೇಕಾ?

ಬಲಕ್ಕೆ ರಾಗಿ ಹೊಲ. ಕುಯ್ಲು ಆಗಿತ್ತು, ಕೂಳೆ ಮಾತ್ರ ನಿಂತಿತ್ತು. ಇಳಿಸಿಬಿಟ್ಟೆ. ಇಳಿಜಾರಲ್ಲಿ ಕೂತರೆ ಎಗರಿಸಿಬಿಡುತ್ತೆ ಅಂತ ಎದ್ದು ನಿಂತೆ. ಎದ್ದು ನಿಂತೇ ಓಡಿಸಿದೆ! ಕೆಳಗೆ ಗಾಡಿ ತನ್ನ ಪಾಡಿಗೆ ಏಳುತ್ತೆ ಬೀಳುತ್ತೆ, ಮೇಲೆ ನಾನು ನೆಟ್ಟಗೆ. ಬದುವಿನ ಹತ್ತಿರ ಇಂಜಿನ್ ಆಫ್ ಆಯಿತು. ಸುತ್ತ ಜಗಲಿ ಇಲ್ಲ, ಕಲ್ಲಿಲ್ಲ. ಬದುವಿಗೇ ಗಾಡಿ ಒರಗಿಸಿ, ಬದುವಿನ ಮೇಲೆ ನಿಂತು ಕಿಕ್ ಹೊಡೆದೆ. ಒಂದು. ಎರಡು. ಕಂತೆ ಕಟ್ಟುತ್ತಿದ್ದ ಹೆಂಗಸರು ಕುಡುಗೋಲು ಹಿಡಿದೇ ಓಡಿ ಬಂದರು. "ಒದಿ ಕಣವ್ವಾ, ಒದಿ!" ಅಂತ ಅವರು ಕೂಗಿದ್ದಕ್ಕೋ ಏನೋ, ಮೂರನೆಯದಕ್ಕೆ ಹತ್ತಿತು. ಹಿಂದಿನಿಂದ ನಾಲ್ಕು ಕೈ ಬದು ಹತ್ತಿಸಿದವು. ಅವರ ಹೆಸರೂ ಕೇಳಲಿಲ್ಲ ನಾನು.

ಗುಂಡಿಯ ಆಚೆ ಮತ್ತೆ ಡಾಂಬರು. ಅಲ್ಲಿಂದ ಮುಂದೆ ರಸ್ತೆ ಖಾಲಿಯೋ ಖಾಲಿ, ಬಸ್ಸುಗಳೆಲ್ಲ ಹಿಂದೆ ಸಿಕ್ಕಿಕೊಂಡಿದ್ದವಲ್ಲ. ಅಷ್ಟು ಜೋರಾಗಿ ನಾನು ಯಾವತ್ತೂ ಹೋಗಿರಲಿಲ್ಲ. ತಿರುವುಗಳಲ್ಲಿ ಗಾಡಿ ತಾನೇ ವಾಲುತ್ತಿತ್ತು. ಗಾಳಿಗೆ ಬಾಯಿ ತುಂಬಿತು. ಆಗಲೇ ಗೊತ್ತಾದದ್ದು ನಾನು ನಗುತ್ತಿದ್ದೇನೆ ಅಂತ.

ಎಸ್ಟೇಟಿನ ತಿರುವಿನಲ್ಲಿ ಸೈರನ್ನು ಶುರುವಾಯಿತು. ಅದು ಕೂಗುತ್ತಾ ಇರುವಾಗಲೇ ಗೇಟಿನೊಳಗೆ ನುಗ್ಗಿದೆ. ಇಳಿದೆ. ಸೈರನ್ನು ನಿಂತಿತು.

ಏಕಾಂತಯ್ಯನವರು ಗಡಿಯಾರ ನೋಡಿದರು. ನನ್ನ ಸೀರೆಗೆ ಮೆತ್ತಿದ ಮಣ್ಣು ನೋಡಿದರು. ಮೊದಲು ಸಾರಿನ ಕ್ಯಾನಿನ ಮುಚ್ಚಳ ನೋಡಿದರು, ರಾಗಿಹಿಟ್ಟು ಬಿರುಕು ಬಿಟ್ಟಿರಲಿಲ್ಲ. ಆಮೇಲೆ ಮುದ್ದೆ ಪಾತ್ರೆ ತೆಗೆದರು. ಅರವತ್ತೂ ಗುಂಡಗೆ ಕೂತಿದ್ದವು. ಒಂದನ್ನು ಕೈಗೆ ತೆಗೆದುಕೊಂಡವರೇ "ಹಾ" ಅಂತ ಈ ಕೈಯಿಂದ ಆ ಕೈಗೆ ಹಾಕಿಕೊಂಡರು, ಅಷ್ಟು ಬಿಸಿ. ಇಷ್ಟು ದಿನ ನಮ್ಮ ಊಟ ಮುಟ್ಟದ ಮನುಷ್ಯ ತಾವೇ ಒಂದು ತಟ್ಟೆ ಹಿಡಿದು ಕೂತರು. ಎರಡು ತುತ್ತು ನುಂಗಿ ಹೇಳಿದರು:

"ಸೋಮವಾರದಿಂದ ಎರಡನೇ ಪಾಳಿಗೂ ತನ್ನಿ. ಕಾಯಂ."

ನಲವತ್ತು ಜನ ತಟ್ಟೆ ಬಡಿದರು. ಕಿವಿ ಕಿವುಡಾಗುವ ಹಾಗೆ. ಪಾಸಾದೆ. ನಾನು ಪಾಸಾದೆ.

೧೪ ಡಿಸೆಂಬರ್, ಭಾನುವಾರ

ಬಸವೇಶ್ವರನಗರದಿಂದ ಒಬ್ಬ ಹುಡುಗ ಬಂದಿದ್ದ, ಬ್ಯಾಂಕಿನಲ್ಲಿ ಕೆಲಸ. ಇಂಥದ್ದೇ ಒಂದು ಗಾಡಿ ಮಾಡಿಕೊಡಿ ಅಂತ ಗ್ಯಾರೇಜಿಗೆ ಹೋಗಿ ಕೇಳಿದ್ದನಂತೆ. "ದಿನಾ ರೋಡಲ್ಲಿ ಓಡ್ಸೋಕೆ ಆಗತ್ತಾ ಸಾರ್?" ಅಂದದ್ದಕ್ಕೆ ಇವರು, "ನಾನು ಓಡ್ಸಿರೋದು ಭಾನುವಾರ. ದಿನಾ ಓಡ್ಸೋರು ಮನೇಲಿದಾರೆ" ಅಂತ ಇಲ್ಲಿಗೆ ಕರೆತಂದರು.

ಇದ್ದದ್ದು ಇದ್ದ ಹಾಗೆ ಹೇಳಿದೆ. "ನೋಡಪ್ಪ, ಸೀಟು ಹಲಗೆ, ಕಂಬಳಿ ಬೇಕು. ಟ್ಯಾಂಕು ಚಿಕ್ಕದು, ಮೈಸೂರಿಗೆ ಹೋಗ್ತೀನಿ ಅಂದ್ರೆ ದಾರಿಲಿ ನಿಲ್ಲತ್ತೆ. ಹಿಂದೆ ಹೆಂಡತಿ ಕೂರೋ ಹಾಗಿಲ್ಲ. ನೀನು ಎತ್ತರ ಇದೀಯ, ನಿಂಗೆ ಜಗಲಿ ಬೇಡ. ಆದ್ರೆ ನಮ್ಮ ರೋಡಲ್ಲಿ, ಸಂದಿಗೊಂದಿಲಿ, ಗುಂಡಿ ಹಳ್ಳದಲ್ಲಿ ಇದರ ಸಮ ಇನ್ನೊಂದಿಲ್ಲ. ಹಗುರ, ಸಣ್ಣಗಿದೆ, ಎಲ್ಲಿ ತೋರಿಸ್ತೀಯೋ ಅಲ್ಲಿ ತಿರುಗತ್ತೆ. ಮೇಲೆ ಕೂತ್ರೆ ಬಸ್ಸಿನ ಆಚೆ ಏನು ಬರ್ತಿದೆ ಅಂತಾನೂ ಕಾಣತ್ತೆ."

"ನೀವು ಏನು ಸಾಗಿಸ್ತೀರ ಆಂಟಿ ಇದರಲ್ಲಿ?"

"ಮುದ್ದೆ" ಅಂದೆ. ಅವನು ತಮಾಷೆ ಅಂದುಕೊಂಡ. ತಟ್ಟೆಗೆ ಹಾಕಿಕೊಟ್ಟೆ, ತಿಂದು ಹೋದ. ಗಾಡಿಗೆ ಅಡ್ವಾನ್ಸು ಕೊಟ್ಟೇ ಹೋದ.

೨೯ ಡಿಸೆಂಬರ್, ಸೋಮವಾರ

ಶನಿವಾರ ಇವರ ಬ್ಯಾಂಡೇಜು ಬಿಚ್ಚಿದರು. ಕೈ ಸಣ್ಣಗಾಗಿದೆ, ಆದರೆ ಮುಷ್ಟಿ ಬಿಗಿಯುತ್ತೆ. ಮೊದಲನೇ ಕೆಲಸ ಅಂದರೆ ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ರೇಸಿನ ಬೂಟು ಹಾಕಿಕೊಂಡು ಅಂಗಳಕ್ಕೆ ಬಂದು ನಿಂತರು. ಅಡುಗೆಗೆ ಮೊದಲು ಪೆಟ್ರೋಲ್ ಬಂಕಿಗೆ ಹೋಗಿ ಬರೋಣ ಅಂತ ನಾನು ಗಾಡಿ ಒರೆಸುತ್ತಾ ಇದ್ದೆ.

"ಗಂಗೂ, ಕೀ ಎಲ್ಲಿಟ್ಟಿದ್ದೀಯೇ?"

"ಯಾವ ಕೀ ರೀ?"

"ನನ್ನ ಗಾಡಿದು ಕಣೇ."

"ನನ್ನ ಗಾಡಿ ಕೀ ನನ್ನ ಸೊಂಟದಲ್ಲಿದೆ. ನೀವು ಬೇಗ ಹೊರಡಿ, ಒಂಬತ್ತೂಕಾಲಿನ ಬಸ್ಸು ಹೋಗಿಬಿಡತ್ತೆ" ಅಂದೆ.

ಇವರು ಬೂಟು ಹಾಕಿಕೊಂಡೇ ಜಗಲಿ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು. ಒಳಗಿಂದ ಅತ್ತೆಮ್ಮನೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಅಂಥದ್ದೇನು ಹೇಳಿದೆನೋ ಗೊತ್ತಾಗಲಿಲ್ಲ. ಕೇಳುತ್ತಾ ನಿಲ್ಲಲು ಪುರುಸೊತ್ತೂ ಇರಲಿಲ್ಲ. "ಜಗಲಿ ಬಿಡಿ, ನಾನು ಹತ್ತಬೇಕು" ಅಂದೆ. ಎದ್ದು ಜಾಗ ಬಿಟ್ಟರು.